ಫೋನ್ ಇಡಬೇಡಿ: ಆಂಬುಲೆನ್ಸ್ ಬರುವ ತನಕ ನಡೆಯುವ ಕೆಲಸ

"ಪ್ರಶ್ನೆ ಕೇಳ್ತಾ ಕೂತ್ಕೋಬೇಡಿ, ಮೊದಲು ಆಂಬುಲೆನ್ಸ್ ಕಳಿಸಿ!"

ತುರ್ತು ಕರೆ ತೆಗೆದುಕೊಳ್ಳುವವರಿಗೆ ಈ ಬೈಗುಳ ಹೊಸದಲ್ಲ. ಬೈಯುವವರ ತಪ್ಪೂ ಅಲ್ಲ. ಕಣ್ಣೆದುರು ಮನೆಯವರು ಬಿದ್ದಿದ್ದಾರೆ. ಆ ಕಡೆಯಿಂದ ಯಾರೋ ವಯಸ್ಸೆಷ್ಟು, ಎಚ್ಚರ ಇದೆಯಾ, ಉಸಿರಾಟ ಹೇಗಿದೆ ಅಂತ ಒಂದೊಂದೇ ಕೇಳುತ್ತಿದ್ದಾರೆ. ಸಿಟ್ಟು ಬಾರದೆ ಇರುತ್ತದಾ?

ಆದರೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಈ ಪ್ರಶ್ನೆಗಳಿಂದ ಗಾಡಿ ತಡವಾಗುವುದಿಲ್ಲ. ಚೆನ್ನಾಗಿ ನಡೆಯುವ ಕಂಟ್ರೋಲ್ ರೂಮಿನಲ್ಲಿ ವಿಳಾಸ ಮತ್ತು ಏನಾಗಿದೆ ಅನ್ನುವುದು ಗೊತ್ತಾದ ಕೂಡಲೇ ಗಾಡಿ ಹೊರಡುತ್ತದೆ. ಕರೆ ತೆಗೆದುಕೊಂಡವರು ಟೈಪ್ ಮಾಡಿದ್ದು ಗಾಡಿ ಕಳಿಸುವವರ ಪರದೆಯ ಮೇಲೆ ಆಗಲೇ ಕಾಣುತ್ತಿರುತ್ತದೆ. ನೀವಿನ್ನೂ ಉತ್ತರ ಕೊಡುತ್ತಿರುವಾಗಲೇ ಗಾಡಿ ರಸ್ತೆಗೆ ಇಳಿದಿರಬಹುದು. ಉಳಿದ ಪ್ರಶ್ನೆಗಳೆಲ್ಲ ಗಾಡಿ ಬಂದು ಮುಟ್ಟುವ ತನಕ ನಿಮ್ಮ ಕೈಯಲ್ಲಿ ಏನು ಮಾಡಿಸಬಹುದು ಅಂತ ತಿಳಿಯುವುದಕ್ಕೆ.

ಆಂಬುಲೆನ್ಸ್‌ಗೆ ಕಾಯುವುದು ಅಂತ ನಾವು ಕರೆಯುವ ಆ ಹೊತ್ತು ನಿಜಕ್ಕೂ ಚಿಕಿತ್ಸೆಯ ಮೊದಲ ಹಂತ. ಡಿಸ್ಪ್ಯಾಚರ್‌ಗೆ, ಅಂದರೆ ಕಂಟ್ರೋಲ್ ರೂಮಿನಿಂದ ನಿಮ್ಮ ಜೊತೆ ಫೋನಿನಲ್ಲಿ ಮಾತಾಡುವವರಿಗೆ, ತರಬೇತಿ ಇರುತ್ತದೆ, ಆದರೆ ಅವರಿಗೆ ರೋಗಿ ಕಾಣುವುದಿಲ್ಲ, ಮುಟ್ಟಲೂ ಆಗುವುದಿಲ್ಲ. ಪಕ್ಕದಲ್ಲಿರುವವರಿಗೆ ಎಲ್ಲ ಕಾಣುತ್ತದೆ, ಆದರೆ ಏನು ಮಾಡಬೇಕೆಂದು ತೋಚುವುದಿಲ್ಲ. ಇಬ್ಬರನ್ನೂ ಸೇರಿಸುವುದು ಒಂದು ಫೋನ್ ಕರೆ. ಅದಕ್ಕೇ ಆ ಕರೆ ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಆ ನಿಮಿಷಗಳಿಗೆ ಯಾಕೆ ಅಷ್ಟು ಬೆಲೆ

ಎಲ್ಲಕ್ಕಿಂತ ಅವಸರದ್ದು ಹೃದಯ ಸ್ತಂಭನ. ಇದನ್ನೂ ಹಾರ್ಟ್ ಅಟ್ಯಾಕನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಹಾರ್ಟ್ ಅಟ್ಯಾಕ್ ಆದಾಗ ಹೃದಯದ ಒಂದು ಭಾಗಕ್ಕೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ. ಸಾಮಾನ್ಯವಾಗಿ ರೋಗಿಗೆ ಎಚ್ಚರ ಇರುತ್ತದೆ, ಮಾತಾಡುತ್ತಾರೆ. ಹೃದಯ ಸ್ತಂಭನದಲ್ಲಿ ಹೃದಯ ರಕ್ತವನ್ನು ತಳ್ಳುವ ಕೆಲಸವನ್ನೇ ನಿಲ್ಲಿಸಿರುತ್ತದೆ. ಮನುಷ್ಯ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ. ಮಿದುಳಿಗೆ ಆಮ್ಲಜನಕ ಸಿಗದೆ ನಾಲ್ಕರಿಂದ ಆರು ನಿಮಿಷ ಕಳೆದರೆ ಮತ್ತೆ ಸರಿಹೋಗದ ಹಾನಿ ಶುರುವಾಗುತ್ತದೆ. ಯಾರೂ ಎದೆ ಒತ್ತದಿದ್ದರೆ, ಹೃದಯಕ್ಕೆ ವಿದ್ಯುತ್ ಶಾಕ್ ಕೊಡದಿದ್ದರೆ, ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಸುಮಾರು 7ರಿಂದ 10 ಶೇಕಡಾ ಇಳಿಯುತ್ತಾ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ ಇರುವ ನಗರದಲ್ಲೂ ಗಾಡಿ ಬರಲು ಎಂಟು, ಹತ್ತು ನಿಮಿಷ ಹಿಡಿಯುವುದುಂಟು. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಪಕ್ಕದಲ್ಲಿ ಇರುವವರ ಮೇಲೆ ಎಷ್ಟು ನಿಂತಿದೆ ಅನ್ನುವುದು ಗೊತ್ತಾಗುತ್ತದೆ.

ಬರಿಗೈಯಲ್ಲಿ ಎದೆ ಒತ್ತಿ ರಕ್ತ ಹರಿಸಬಹುದು ಎಂಬುದನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದರು. ತುರ್ತು ಸಂಖ್ಯೆ ಅನ್ನುವುದು ಅದಕ್ಕೂ ಹಳೆಯದು. ಲಂಡನ್ನಿನಲ್ಲಿ 999 ಶುರುವಾದದ್ದು 1937ರಲ್ಲಿ. ಅಮೆರಿಕದ ಮೊದಲ 911 ಕರೆ ಹೋದದ್ದು ಮಾತ್ರ ಆಮೇಲೆ, 1968ರಲ್ಲಿ, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಆದರೆ ಬಹಳ ಕಾಲ ಈ ಎರಡೂ ಒಂದಕ್ಕೊಂದು ಸಂಬಂಧ ಇಲ್ಲದಂತೆ ಇದ್ದವು. ಕರೆ ತೆಗೆದುಕೊಂಡವರು ವಿಳಾಸ ಬರೆದುಕೊಂಡು, ಗಾಡಿ ಕಳಿಸಿ ಫೋನ್ ಇಟ್ಟುಬಿಡುತ್ತಿದ್ದರು.

1970ರ ದಶಕದ ಮಧ್ಯದಲ್ಲಿ ಅರಿಜೋನಾದ ಫೀನಿಕ್ಸ್ ಅಗ್ನಿಶಾಮಕ ದಳದಲ್ಲಿ ಒಬ್ಬ ಪ್ಯಾರಾಮೆಡಿಕ್, ಉಸಿರು ನಿಂತ ಮಗುವಿನ ತಾಯಿಗೆ ಫೋನಿನಲ್ಲೇ ಏನು ಮಾಡಬೇಕೆಂದು ಹೇಳಿಕೊಟ್ಟರು. ಅದೇ ದಶಕದ ಕೊನೆಯಲ್ಲಿ ಸಾಲ್ಟ್ ಲೇಕ್ ಸಿಟಿಯ ವೈದ್ಯ ಜೆಫ್ ಕ್ಲಾಸನ್, ಯಾವ ತೊಂದರೆಗೆ ಏನು ಕೇಳಬೇಕು, ಏನು ಹೇಳಬೇಕು ಅಂತ ಕಾರ್ಡುಗಳಲ್ಲಿ ಬರೆದಿಟ್ಟರು. ಸ್ವಲ್ಪ ವರ್ಷಗಳಲ್ಲೇ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಫೋನ್ ಮೂಲಕ ಸಿಪಿಆರ್, ಅಂದರೆ ಎದೆ ಒತ್ತಿ, ಬೇಕಾದರೆ ಉಸಿರೂ ಕೊಟ್ಟು ಜೀವ ಹಿಡಿದಿಡುವ ಕೆಲಸ, ಮಾಡಿಸುವುದು ನಿಯಮವೇ ಆಯಿತು. ಇವತ್ತು ಅನೇಕ ದೇಶಗಳ ಡಿಸ್ಪ್ಯಾಚರ್‌ಗಳ ಮುಂದೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದು ಇಂಥದ್ದೇ ಕಾರ್ಡುಗಳ ಹೊಸ ರೂಪ.

ಎರಡೇ ಪ್ರಶ್ನೆ

ಹೃದಯ ಸ್ತಂಭನವನ್ನು ಫೋನಿನಲ್ಲಿ ಗುರುತಿಸಲು ಡಿಸ್ಪ್ಯಾಚರ್ ಎರಡು ಪ್ರಶ್ನೆ ಕೇಳುತ್ತಾರೆ. ಎಚ್ಚರ ಇದೆಯಾ? ಸರಿಯಾಗಿ ಉಸಿರಾಡುತ್ತಿದ್ದಾರಾ? ಎರಡಕ್ಕೂ ಇಲ್ಲ ಅಂದರೆ ಮುಂದೆ ಯೋಚಿಸುವುದಿಲ್ಲ, ಎದೆ ಒತ್ತಿಸುವುದಕ್ಕೆ ಶುರು ಮಾಡುತ್ತಾರೆ. ನಾಡಿ ನೋಡಿ ಅಂತ ಸಾಮಾನ್ಯರಿಗೆ ಹೇಳುವುದಿಲ್ಲ. ಗಾಬರಿಯಲ್ಲಿರುವಾಗ ತಮ್ಮದೇ ಬೆರಳಿನ ಮಿಡಿತವನ್ನು ರೋಗಿಯ ನಾಡಿ ಅಂದುಕೊಳ್ಳುವುದು ಸುಲಭ.

ಎರಡನೇ ಪ್ರಶ್ನೆಯಲ್ಲಿ "ಸರಿಯಾಗಿ" ಅನ್ನುವುದನ್ನು ಬಿಡುವಂತಿಲ್ಲ. ಹೃದಯ ನಿಂತ ಮೊದಲ ಕೆಲವು ನಿಮಿಷ ಬಹಳ ರೋಗಿಗಳು ಉಸಿರಾಡುತ್ತಿರುವ ಹಾಗೆ ಕಾಣುತ್ತಾರೆ. ನೀರಿನಿಂದ ಎತ್ತಿ ಹಾಕಿದ ಮೀನು ಬಾಯಿ ಬಿಡುವ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆಯುತ್ತದೆ. ಗೊರಕೆಯಂಥ, ಗೊರಗೊರ ಸದ್ದು ಬರುತ್ತದೆ. ಅದು ಉಸಿರಾಟವಲ್ಲ. ಸಾಯುತ್ತಿರುವ ಮಿದುಳಿನ ಬುಡದಿಂದ ಬರುವ ಒಂದು ಎಳೆತ ಅಷ್ಟೇ, ಶ್ವಾಸಕೋಶಕ್ಕೆ ಬೇಕಾದಷ್ಟು ಗಾಳಿ ಅದರಿಂದ ಹೋಗುವುದಿಲ್ಲ. ಆದರೆ ಮನೆಯವರಿಗೆ ಹೇಗೆ ಗೊತ್ತಾಗಬೇಕು? "ಹೌದು, ಉಸಿರಾಡ್ತಿದ್ದಾರೆ" ಅಂದುಬಿಡುತ್ತಾರೆ. ಎಷ್ಟೋ ಜೀವ ಕೈತಪ್ಪಿ ಹೋಗುವುದು ಈ ಒಂದು ಉತ್ತರದಲ್ಲಿ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಅನುಮಾನ ಬಂದರೆ ಡಿಸ್ಪ್ಯಾಚರ್ ಬೇರೆ ದಾರಿ ಹಿಡಿಯುತ್ತಾರೆ. ಅಂಥ ಕರೆಯೊಂದು ಹೀಗೆ ಸಾಗಬಹುದು:

"ಅಪ್ಪ ಬಿದ್ಬಿಟ್ಟಿದ್ದಾರೆ, ಮಾತಾಡ್ತಿಲ್ಲ!"

"ಗಾಡಿ ಹೊರಟಿದೆ ಅಮ್ಮ. ನಾನು ಲೈನಲ್ಲೇ ಇರ್ತೀನಿ. ಫೋನ್ ಸ್ಪೀಕರ್‌ಗೆ ಹಾಕಿ ಅವರ ಪಕ್ಕ ನೆಲದ ಮೇಲೆ ಇಡಿ. ಭುಜ ಅಲುಗಾಡಿಸಿ ಜೋರಾಗಿ ಕೂಗಿ. ಕಣ್ಣು ಬಿಟ್ರಾ?"

"ಇಲ್ಲ. ಆದ್ರೆ ಏನೋ ಗೊರಕೆ ಥರ ಬರ್ತಿದೆ."

"ಎದೆ ನೋಡ್ತಾ ಇರಿ. ಅವರು ಉಸಿರು ಎಳೆದಾಗೆಲ್ಲ 'ಈಗ' ಅನ್ನಿ."

"ಈಗ…"

ಆಮೇಲೆ ತುಂಬ ಹೊತ್ತು ಮೌನ.

"ಸಾಕು. ಅದು ಸರಿಯಾದ ಉಸಿರಾಟ ಅಲ್ಲಮ್ಮ. ಈಗ ನಾವು ಎದೆ ಒತ್ತೋಣ. ಹೇಗೆ ಅಂತ ನಾನು ಹೇಳ್ತೀನಿ."

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇಟ್ಟಿರುವ ಗುರಿ ಪ್ರಕಾರ ಕರೆ ಬಂದ 60 ಸೆಕೆಂಡಿನೊಳಗೆ ಹೃದಯ ಸ್ತಂಭನ ಅಂತ ಗೊತ್ತಾಗಬೇಕು, 90 ಸೆಕೆಂಡಿನೊಳಗೆ ಮೊದಲ ಒತ್ತು ಬೀಳಬೇಕು. ಅಳು, ಕೂಗು, ಕಡಿದು ಕಡಿದು ಬರುವ ಮಾತು ಎಲ್ಲದರ ನಡುವೆ ಒಂದೂವರೆ ನಿಮಿಷ. ಸುಲಭದ ಕೆಲಸ ಅಲ್ಲ.

ಮೇಲಿನ ಸಂಭಾಷಣೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. "ಎದೆ ಒತ್ತುತ್ತೀರಾ?" ಅಂತ ಡಿಸ್ಪ್ಯಾಚರ್ ಕೇಳಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಿಜವಾದ ತುರ್ತು ಕರೆಗಳ ಧ್ವನಿಮುದ್ರಣ ಕೇಳಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಿಪಿಆರ್ ಮಾಡಲು ಇಷ್ಟ ಇದೆಯಾ ಅನ್ನುವ ಧಾಟಿಯಲ್ಲಿ ಕೇಳಿದಾಗ ಒಪ್ಪಿದವರು 43 ಶೇಕಡಾ. ನಾವೀಗ ಸಿಪಿಆರ್ ಮಾಡುತ್ತೇವೆ ಅಂತ ಹೇಳಿದಾಗ ಒಪ್ಪಿದವರು 97 ಶೇಕಡಾ. ಅದೇ ಕೆಲಸ, ಅದೇ ಭಯ. ಆದರೆ ಆ ಹೊತ್ತಿನಲ್ಲಿ ತೀರ್ಮಾನ ಮಾಡುವ ಹೊರೆಯನ್ನು ಕರೆ ಮಾಡಿದವರ ತಲೆ ಮೇಲೆ ಹಾಕಿದರೆ ಅವರು ಅಲ್ಲೇ ನಿಂತುಬಿಡುತ್ತಾರೆ. ಜೊತೆಗೆ ಒಬ್ಬರಿದ್ದಾರೆ ಅನ್ನಿಸಿದರೆ ಕೈ ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಫೋನ್ ಸಿಪಿಆರ್ ಅನ್ನುವುದರ ಗುಟ್ಟು ಇಲ್ಲೇ ಇದೆ.

ಕರೆ ಮಾಡಿದವರು ಕೂಗಾಡುತ್ತಿದ್ದರೆ ಡಿಸ್ಪ್ಯಾಚರ್ ಸ್ವರ ಏರಿಸುವುದಿಲ್ಲ, ಸಮಾಧಾನ ಮಾಡಿಕೊಳ್ಳಿ ಅಂತ ಬೋಧನೆಯನ್ನೂ ಮಾಡುವುದಿಲ್ಲ. ಒಂದೇ ವಾಕ್ಯವನ್ನು, ಅದೇ ಮಾತಿನಲ್ಲಿ, ಅದೇ ಸ್ವರದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ಜೊತೆಗೆ ಯಾಕೆ ಅಂತ ಕಾರಣವನ್ನೂ ಸೇರಿಸುತ್ತಾರೆ. "ನಿಮ್ಮ ಅಪ್ಪನಿಗೆ ಸಹಾಯ ಮಾಡಬೇಕು, ಅದಕ್ಕೆ ನನ್ನ ಮಾತು ಕೇಳಿ." ಮೊದಲ ಸಲ ಕಿವಿಗೆ ಬೀಳುವುದಿಲ್ಲ. ಎರಡನೇ ಸಲವೂ ಬೀಳದೆ ಇರಬಹುದು. ಪ್ರತಿ ಸಲ ಮಾತು ಬದಲಾಯಿಸಿದರೆ ಗಾಬರಿ ಹೆಚ್ಚುತ್ತದೆ. ಬದಲಾಗದ ಮಾತಿಗೆ ಕೊನೆಗೆ ಮನಸ್ಸು ಅಂಟಿಕೊಳ್ಳುತ್ತದೆ. ಈ ಉಪಾಯವನ್ನು ಡಿಸ್ಪ್ಯಾಚರ್‌ಗಳಿಗೆ ತರಬೇತಿಯಲ್ಲೇ ಹೇಳಿಕೊಡುತ್ತಾರೆ.

ಕೈ ಎಲ್ಲಿ, ಎಷ್ಟು ಜೋರು

ರೋಗಿ ಮೆತ್ತನೆ ಹಾಸಿಗೆ ಮೇಲಿದ್ದರೆ ಗಟ್ಟಿ ನೆಲಕ್ಕೆ ಇಳಿಸಬೇಕು. ಇಲ್ಲದಿದ್ದರೆ ನಿಮ್ಮ ಬಲವೆಲ್ಲ ಹಾಸಿಗೆ ತಗ್ಗುವುದಕ್ಕೇ ಹೋಗುತ್ತದೆ. ಅಂಗಾತ ಮಲಗಿಸಿ. ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಡಿ. ಮೊಣಕೈ ಮಡಿಸಬೇಡಿ. ಭುಜ ಕೈಗಳ ನೇರ ಮೇಲೆ ಬರಲಿ, ದೇಹದ ಭಾರ ಬಿಟ್ಟು ಒತ್ತಿ. ದೊಡ್ಡವರಲ್ಲಿ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಯಾಕೆಂದರೆ ಆಗಲೇ ಹೃದಯದಲ್ಲಿ ರಕ್ತ ತುಂಬಿಕೊಳ್ಳುವುದು. ಡಿಸ್ಪ್ಯಾಚರ್ "ಒಂದು, ಎರಡು, ಮೂರು, ನಾಲ್ಕು" ಅಂತ ಎಣಿಸುತ್ತಾರೆ, ನಿಮಗೂ ಜೋರಾಗಿ ಎಣಿಸಲು ಹೇಳುತ್ತಾರೆ. ನಿಮ್ಮ ಎಣಿಕೆ ಕೇಳಿಯೇ ವೇಗ ಸರಿ ಇದೆಯಾ, ಸುಸ್ತಾಗಿದ್ದೀರಾ ಅನ್ನುವುದು ಅವರಿಗೆ ತಿಳಿಯುವುದು.

ಸುಸ್ತು ಬೇಗ ಆಗುತ್ತದೆ. ನಿಮಗೆ ಅನ್ನಿಸುವ ಮೊದಲೇ ಒತ್ತಿನ ಆಳ ಕಡಿಮೆಯಾಗಿರುತ್ತದೆ. ಇನ್ನೊಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಬದಲಾಯಿಸಿಕೊಳ್ಳಿ. ಬದಲಾಗುವಾಗ ಒತ್ತು ಹೆಚ್ಚು ಹೊತ್ತು ನಿಲ್ಲಬಾರದು.

ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕಾ? ತರಬೇತಿ ಇಲ್ಲದವರು ದೊಡ್ಡವರಿಗೆ ಬರೀ ಎದೆ ಒತ್ತಿದರೂ ಸಾಕು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿತು. ಇದ್ದಕ್ಕಿದ್ದಂತೆ ಕುಸಿದು ಬಿದ್ದವರ ರಕ್ತದಲ್ಲಿ ಮೊದಲ ಕೆಲವು ನಿಮಿಷಕ್ಕೆ ಆಗುವಷ್ಟು ಆಮ್ಲಜನಕ ಉಳಿದಿರುತ್ತದೆ, ಅದನ್ನು ಮಿದುಳಿಗೆ ಮುಟ್ಟಿಸಿದರೆ ಆಯಿತು. ಮಕ್ಕಳ ವಿಷಯ, ನೀರಿಗೆ ಬಿದ್ದವರ ವಿಷಯ ಬೇರೆ. ಅಲ್ಲಿ ಮೊದಲು ಕೈಕೊಟ್ಟದ್ದೇ ಉಸಿರು, ಹಾಗಾಗಿ ಉಸಿರು ಕೊಡುವುದೂ ಬೇಕು. ಹೇಗೆ ಅಂತ ಡಿಸ್ಪ್ಯಾಚರ್ ಹೇಳುತ್ತಾರೆ.

ಒತ್ತುವಾಗ ಪಕ್ಕೆಲುಬು ಲಟಕ್ ಅನ್ನಬಹುದು. ಆ ಸದ್ದು ಕೇಳಿ ಕೈ ಹಿಂದೆಗೆಯುವವರು ಬಹಳ. ನಿಲ್ಲಿಸಬೇಡಿ. ಮುರಿದ ಮೂಳೆ ಕೂಡುತ್ತದೆ. ಇನ್ನು ಹೃದಯ ನಿಂತೇ ಇಲ್ಲದವರಿಗೆ ತಪ್ಪಿ ಒತ್ತಿಬಿಟ್ಟರೆ? ಕಿಂಗ್ ಕೌಂಟಿಯಲ್ಲಿ ಇಂಥವರನ್ನೇ ಹುಡುಕಿ ನೋಡಿ 2010ರಲ್ಲಿ ವರದಿ ಮಾಡಿದರು. ಸುಮಾರು 12 ಶೇಕಡಾ ಜನಕ್ಕೆ ಎದೆ ನೋವು, 2 ಶೇಕಡಾ ಜನಕ್ಕೆ ಮೂಳೆ ಬಿರುಕು. ಒಳಗಿನ ಅಂಗಕ್ಕೆ ಪೆಟ್ಟಾದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಬೇಕಿಲ್ಲದಾಗ ಒತ್ತಿದರೆ ಆಗುವ ನಷ್ಟ ಇಷ್ಟು, ಬೇಕಾದಾಗ ಒತ್ತದಿದ್ದರೆ ಹೋಗುವುದು ಜೀವ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರನ್ನು ಕಾಪಾಡುವ ಕಾನೂನೂ ಅನೇಕ ದೇಶಗಳಲ್ಲಿದೆ.

ಹತ್ತಿರದಲ್ಲಿ ಎಇಡಿ ಅಂದರೆ ಶಾಕ್ ಕೊಡುವ ಪೆಟ್ಟಿಗೆ ಇದ್ದರೆ ಒಬ್ಬರನ್ನು ಓಡಿಸಿ ತರಿಸಿ. ತೆರೆದ ಕೂಡಲೇ ಅದೇ ಮಾತಾಡುತ್ತದೆ, ಪ್ಯಾಡ್ ಎಲ್ಲಿ ಅಂಟಿಸಬೇಕು ಅಂತ ಚಿತ್ರವೂ ಇರುತ್ತದೆ. ಹೃದಯದ ಲಯ ನೋಡಿ, ಶಾಕ್ ಬೇಕಿಲ್ಲದಿದ್ದರೆ ಅದು ಕೊಡುವುದೇ ಇಲ್ಲ. ಅಮೆರಿಕದ ಕ್ಯಾಸಿನೊಗಳಲ್ಲಿ ಕಾವಲಿನವರಿಗೆ ಇದನ್ನು ಬಳಸಲು ಕಲಿಸಿದ್ದರು. ಎಲ್ಲರ ಕಣ್ಣೆದುರು ಕುಸಿದು ಮೂರು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ 74 ಶೇಕಡಾ ಜನ ಬದುಕಿ ಆಸ್ಪತ್ರೆಯಿಂದ ಮನೆಗೆ ಹೋದರು ಅಂತ 2000ದಲ್ಲಿ ವರದಿಯಾಯಿತು. ಶಾಕ್ ಕೊಟ್ಟವರು ಡಾಕ್ಟರಲ್ಲ, ಸೆಕ್ಯುರಿಟಿ ಗಾರ್ಡುಗಳು.

ಬೇರೆ ತುರ್ತುಗಳಲ್ಲಿ ಕೆಲಸ ಇದಕ್ಕಿಂತ ಸರಳ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆ ಇಟ್ಟು ಗಾಯದ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿದೆಯಾ ಅಂತ ಪದೇ ಪದೇ ಎತ್ತಿ ನೋಡಬೇಡಿ. ಫಿಟ್ಸ್ ಬಂದವರ ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ತಲೆ ಕೆಳಗೆ ಮೆತ್ತನೆಯದೇನಾದರೂ ಇಟ್ಟು ಗಡಿಯಾರ ನೋಡಿ, ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ದಾಟಿದರೆ ಅದು ದೊಡ್ಡ ತುರ್ತು. ಲಕ್ವ ಹೊಡೆದ ಹಾಗೆ ಕಂಡರೆ, ಅಂದರೆ ಮುಖ ಒಂದು ಕಡೆ ಜೋತು, ಕೈ ಎತ್ತಲಾಗದೆ, ಮಾತು ತೊದಲಿದರೆ, ಕೊನೆಯ ಸಲ ಅವರು ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ. ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಔಷಧ ಕೊಡಬಹುದಾ ಇಲ್ಲವಾ ಅನ್ನುವುದು ಆ ಗಂಟೆಯ ಲೆಕ್ಕದ ಮೇಲೆ ನಿಲ್ಲುತ್ತದೆ.

ಸುತ್ತ ನಿಂತ ಜನ

ಜನ ಸುತ್ತ ನಿಂತು ನೋಡುತ್ತಾರೆ, ಯಾರೂ ಮುಂದೆ ಬರುವುದಿಲ್ಲ ಅಂತ ನಾವು ಬೈಯುವುದುಂಟು. ಇದಕ್ಕೆ ಪ್ರಸಿದ್ಧ ಪ್ರಯೋಗವೊಂದಿದೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮಿನಲ್ಲಿ ಮಾತಾಡಲು ಬಿಟ್ಟರು. ಮಧ್ಯೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಧ್ವನಿ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ 85 ಶೇಕಡಾ ಜನ ಆ ಧ್ವನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದವರು 31 ಶೇಕಡಾ. ಅವರು ಕಲ್ಲು ಮನಸ್ಸಿನವರಾಗಿರಲಿಲ್ಲ. ಯಾರಾದರೂ ಹೋಗಿರುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡರು.

ಆದರೆ ಇದನ್ನೇ ಹಿಡಿದು ಜನ ಸಹಾಯ ಮಾಡುವುದಿಲ್ಲ ಅಂತ ತೀರ್ಮಾನಿಸುವುದು ಅನ್ಯಾಯ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಂಸ್ಟರ್‌ಡ್ಯಾಂ, ಲ್ಯಾಂಕ್ಯಾಸ್ಟರ್ ಮತ್ತು ಕೇಪ್ ಟೌನ್ ಬೀದಿಗಳ ಸಿಸಿಟಿವಿ ನೋಡಿದರು. ಅದರಲ್ಲಿದ್ದದ್ದು ಬೀದಿ ಜಗಳಗಳು, ಒಟ್ಟು 219. ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ಮಧ್ಯೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಸಹಾಯಕ್ಕೆ ಬರುವ ಸಾಧ್ಯತೆ ಜಾಸ್ತಿಯಾಗಿತ್ತು. ಗುಂಪಿಗೆ ಮನಸ್ಸಿರುತ್ತದೆ. ಏನು ಮಾಡಬೇಕು ಅಂತ ಯಾರಾದರೂ ಹೇಳಬೇಕು.

ಹಾಗಾಗಿ "ಯಾರಾದ್ರೂ ಫೋನ್ ಮಾಡಿ" ಅನ್ನುವುದಕ್ಕಿಂತ ಒಬ್ಬರನ್ನು ನೋಡಿ "ನೀಲಿ ಶರ್ಟ್ ಹಾಕಿರೋ ಸರ್, ನೀವು ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ ನನ್ನ ಹತ್ತಿರ ತನ್ನಿ" ಅನ್ನುವುದು ಎಷ್ಟೋ ಮೇಲು. ಇನ್ನೊಬ್ಬರು ರಸ್ತೆಗೆ ಹೋಗಿ ಗಾಡಿಗೆ ಕೈ ತೋರಿಸಲಿ. ಮತ್ತೊಬ್ಬರು ಗೇಟು, ಲಿಫ್ಟು ನೋಡಿಕೊಳ್ಳಲಿ. ರಾತ್ರಿಯಾದರೆ ಹೊರಗಿನ ದೀಪ ಹಾಕಿಸಿ, ನಾಯಿ ಇದ್ದರೆ ಕಟ್ಟಿಹಾಕಿಸಿ. ರೋಗಿ ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿ. ಏನೂ ಕೆಲಸ ಇಲ್ಲದವರು ಬೆನ್ನು ತಿರುಗಿಸಿ ಮರೆಯಾಗಿ ನಿಲ್ಲಬಹುದು, ಅದೂ ಸಹಾಯವೇ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫುಟ್‌ಬಾಲ್ ಆಟದ ಮಧ್ಯೆ ಡೆನ್ಮಾರ್ಕ್ ತಂಡದ ಕ್ರಿಶ್ಚಿಯನ್ ಎರಿಕ್ಸನ್ ಹೃದಯ ನಿಂತು ಬಿದ್ದಾಗ ಜೊತೆಯ ಆಟಗಾರರು ಸುತ್ತ ಗೋಡೆಯ ಹಾಗೆ ನಿಂತರು. ವೈದ್ಯರು ಒಳಗೆ ಎದೆ ಒತ್ತಿ ಶಾಕ್ ಕೊಟ್ಟರು. ಎರಿಕ್ಸನ್ ಬದುಕಿದರು, ಮುಂದಿನ ವರ್ಷ ಮತ್ತೆ ಮೈದಾನಕ್ಕೂ ಇಳಿದರು.

ವಿಳಾಸದ ಬಗ್ಗೆಯೂ ಒಂದು ಮಾತು. ಕರೆ ಕಡಿದುಹೋದರೂ ಗಾಡಿ ಬರಬೇಕು ಅಂದರೆ ಮೊದಲು ಹೇಳಬೇಕಾದದ್ದು ಜಾಗ. ಕೆಲವು ದೇಶಗಳಲ್ಲಿ ಮೊಬೈಲ್ ತಾನಾಗಿಯೇ ಸ್ಥಳವನ್ನು ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಆದರೂ ಎಷ್ಟನೇ ಮಹಡಿ, ಯಾವ ಬಾಗಿಲು ಅನ್ನುವುದನ್ನು ಮನುಷ್ಯರೇ ಹೇಳಬೇಕು. ಪರ ಊರಿನಲ್ಲಿದ್ದರೆ ಅಕ್ಕಪಕ್ಕದ ಅಂಗಡಿಯ ಬೋರ್ಡು, ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲು ನೋಡಿ ಹೇಳಿ.

ಗಾಡಿ ಬಂದ ಮೇಲೆ

ಸೈರನ್ ಕೇಳಿದ ಕೂಡಲೇ ಕೈ ಬಿಡುವವರಿದ್ದಾರೆ. ಸಿಬ್ಬಂದಿ ಪಕ್ಕಕ್ಕೆ ಬಂದು "ನಾವು ನೋಡ್ಕೋತೀವಿ" ಅನ್ನುವ ತನಕ ಒತ್ತುತ್ತಲೇ ಇರಬೇಕು. ಆಮೇಲೆ ಬಿದ್ದದ್ದು ಎಷ್ಟು ಹೊತ್ತಿಗೆ, ಒತ್ತಲು ಶುರು ಮಾಡಿದ್ದು ಯಾವಾಗ, ಶಾಕ್ ಎಷ್ಟು ಸಲ ಕೊಟ್ಟಿರಿ, ಇಷ್ಟನ್ನು ಅವರಿಗೆ ಹೇಳಿ.

ಅಲ್ಲಿಗೆ ಫೋನಿನ ಆ ಕಡೆ ಕರೆ ಮುಗಿಯುತ್ತದೆ. ಮುಂದೇನಾಯಿತು ಅನ್ನುವುದು ಡಿಸ್ಪ್ಯಾಚರ್‌ಗೆ ಬಹಳ ಸಲ ಗೊತ್ತೇ ಆಗುವುದಿಲ್ಲ. ಒಂದು ಮನೆಯ ಅತಿ ಕೆಟ್ಟ ಹತ್ತು ನಿಮಿಷವನ್ನು ಕಿವಿಯಲ್ಲೇ ಕಳೆದು, ಮರುಕ್ಷಣ ಇನ್ನೊಂದು ಕರೆ ತೆಗೆದುಕೊಳ್ಳುತ್ತಾರೆ. ಸ್ಥಳದಲ್ಲಿ ಇಲ್ಲದವರಿಗೆ ಆಘಾತ ಆಗುವುದಿಲ್ಲ ಅನ್ನುವುದು ಹಳೆಯ ನಂಬಿಕೆ. ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕಿಯರು 2012ರಲ್ಲಿ ಇದು ಸರಿಯಲ್ಲ ಅಂತ ತೋರಿಸಿದರು. ಮೈಲುಗಟ್ಟಲೆ ದೂರ ಕೂತು ಕೇಳಿದ ಕರೆಗಳೂ ಗಾಢ ನೋವು ಉಳಿಸುತ್ತವೆ, ಆಘಾತದ ಲಕ್ಷಣಗಳೂ ಕಾಣುತ್ತವೆ. ಕೆಟ್ಟ ಕರೆ ಮುಗಿದ ಕೂಡಲೇ ಸ್ವಲ್ಪ ಹೊತ್ತು ಕುರ್ಚಿ ಬಿಟ್ಟು ಏಳಲು ಬಿಡುವುದು, ಜೊತೆಯವರ ಹತ್ತಿರ ಮಾತಾಡಲು ಸಮಯ ಕೊಡುವುದು, ಸಾಧ್ಯವಾದರೆ ರೋಗಿ ಏನಾದರು ಅಂತ ತಿಳಿಸುವುದು, ಇವೆಲ್ಲ ಸೌಕರ್ಯದ ಮಾತಲ್ಲ. ಆ ಕೆಲಸಕ್ಕೆ ಬೇಕೇ ಬೇಕಾದದ್ದು ಅಂತ ನಾನು ನಂಬುತ್ತೇನೆ.

ಎದೆ ಒತ್ತಿದವರಿಗೂ ಇದು ಬೇಕು, ಆದರೆ ಅವರನ್ನು ಕೇಳುವವರೇ ಇರುವುದಿಲ್ಲ. ಗಾಡಿ ಹೊರಟುಹೋಗುತ್ತದೆ, ಅವರು ನಡುಗುವ ಕೈಯಲ್ಲಿ ಅಲ್ಲೇ ನಿಂತಿರುತ್ತಾರೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬಹಳ ಜನ, ಎಲ್ಲವನ್ನೂ ಸರಿಯಾಗಿ ಮಾಡಿದರೂ, ಬದುಕುವುದಿಲ್ಲ. ಎದೆ ಒತ್ತಲು ಶುರು ಮಾಡುವಾಗ ರೋಗಿಯ ಹೃದಯ ಆಗಲೇ ನಿಂತಿತ್ತು, ಒತ್ತಿದ್ದರಿಂದ ನಿಂತದ್ದಲ್ಲ. ಇದನ್ನು ಯಾರಾದರೂ ಒತ್ತಿದವರಿಗೆ ಬಾಯಿ ಬಿಟ್ಟು ಹೇಳಬೇಕು. ಮೊದಲ ಕೆಲವು ದಿನ ನಿದ್ದೆ ಬಾರದಿರುವುದು, ಆ ಮುಖ, ಆ ಸದ್ದು ಮತ್ತೆ ಮತ್ತೆ ಬರುವುದು ಸಹಜ. ಒಂದು ತಿಂಗಳು ಕಳೆದರೂ ಹಾಗೇ ಇದ್ದರೆ, ಆ ಜಾಗದ ಕಡೆ ಹೋಗಲೂ ಆಗದಿದ್ದರೆ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡುವುದು ಒಳ್ಳೆಯದು. ಮೊದಲ ಸಲ ಹೋಗುವಾಗ ಮನೆಯವರು ಯಾರಾದರೂ ಜೊತೆಗೆ ಹೋಗಿ.